ಮೌಸ್ ನಿಮ್ಮ ಕೈಯಲ್ಲಿರಲಿ: ಮನೆಯ ಕಂಪ್ಯೂಟರಿಗೆ ಡಿಸೈನ್ ಸಾಫ್ಟ್‌ವೇರ್ ಆರಿಸುವ ಬಗೆ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ, ಬಟ್ಟೆ ಚೀಲ ಇವನ್ನೆಲ್ಲ ಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಾರಾಟಕ್ಕೆ ಹೊರಟಾಗ ಪ್ಯಾಕೆಟ್ಟಿಗೆ ಲೇಬಲ್ ಬೇಕು, ಮೇಳಕ್ಕೆ ಬ್ಯಾನರ್ ಬೇಕು, ವಾರ್ಷಿಕೋತ್ಸವಕ್ಕೆ ಆಮಂತ್ರಣ ಬೇಕು. ಆಗ ಪೇಟೆಗೆ ಓಡುತ್ತೇವೆ. ಡಿಸೈನಿಗೆ ಒಂದು ದರ, ಬೆಲೆ ಬದಲಾಗಿ ಒಂದು ಅಂಕಿ ತಿದ್ದಬೇಕಾದರೆ ಮತ್ತೆ ದುಡ್ಡು. ಹಪ್ಪಳ ನಮ್ಮದು, ಹೆಸರು ನಮ್ಮದು, ಆದರೆ ಲೇಬಲ್ ಇರುವುದು ಬೇರೆಯವರ ಕಂಪ್ಯೂಟರಿನಲ್ಲಿ.

ಈಗ ನಿಮ್ಮಲ್ಲಿ ಹಲವರ ಮನೆಯಲ್ಲಿ ಮಕ್ಕಳ ಓದಿಗೆಂದು ತಂದ ಕಂಪ್ಯೂಟರ್ ಇದೆ. "ಸಿಸ್ಟರ್, ಅದ್ರಲ್ಲೇ ಈ ಕೆಲಸ ಮಾಡ್ಬಹುದಾ? ಯಾವ ಸಾಫ್ಟ್‌ವೇರ್ ಹಾಕಿಸ್ಬೇಕು?" ಅಂತ ಕೇಳ್ತೀರಿ. ಮಾಡಬಹುದು. ಆದರೆ ಎಲ್ಲಕ್ಕಿಂತ ದೊಡ್ಡ ಸಾಫ್ಟ್‌ವೇರ್ ಯಾವುದು ಎಂದು ಕೇಳಬೇಡಿ. ನನ್ನ ಕೆಲಸವನ್ನು, ನನ್ನ ಭಾಷೆಯಲ್ಲಿ, ಸಾಲವಿಲ್ಲದೆ, ನಾನೇ ಮುಗಿಸಲು ಯಾವುದು ಸಾಕು ಎಂದು ಕೇಳಿ.

ಮೊದಲು ಕೆಲಸ, ಆಮೇಲೆ ಸಾಫ್ಟ್‌ವೇರ್

ಡಿಸೈನ್ ಚಿತ್ರಗಳಲ್ಲಿ ಎರಡು ಜಾತಿ. ಒಂದು ಚುಕ್ಕಿಗಳ ಚಿತ್ರ. ಕಸೂತಿ ನೆನಪಿಸಿಕೊಳ್ಳಿ, ಎಳೆ ಎಣಿಸಿ ಹೊಲಿಗೆ ಹಾಕುತ್ತೇವೆ. ಕ್ಯಾಮೆರಾದ ಫೋಟೋ ಕೂಡ ಹಾಗೇ, ಸಾವಿರಾರು ಬಣ್ಣದ ಚುಕ್ಕಿಗಳಿಂದ ಆದದ್ದು. ಅದನ್ನು ಎಳೆದು ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕಿ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. 10 ಸೆಂಟಿಮೀಟರ್ ಅಗಲದ ಲೇಬಲ್ ತುಂಬುವ ಫೋಟೋಗೆ ಸುಮಾರು 1,180 ಚುಕ್ಕಿ ಅಗಲ ಬೇಕು. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಬಂದ ಫೋಟೋ ಮುದ್ರಣದಲ್ಲಿ ಕೆಟ್ಟು ಕಾಣುವುದು ಇದಕ್ಕೇ.

ಇನ್ನೊಂದು ಗೆರೆಗಳ ಚಿತ್ರ. ಇದು ಬ್ಲೌಸಿನ ಅಳತೆ ಇದ್ದ ಹಾಗೆ. ಅಳತೆಯ ಸೂತ್ರ ಗೊತ್ತಿದ್ದರೆ 32ಕ್ಕೂ ಕತ್ತರಿಸಬಹುದು, 40ಕ್ಕೂ ಕತ್ತರಿಸಬಹುದು. ಗೆರೆಯಿಂದ ಬರೆದ ಸಂಘದ ಚಿಹ್ನೆಯನ್ನು ಚೀಟಿಗೂ ಹಾಕಬಹುದು, ಹತ್ತು ಅಡಿ ಬ್ಯಾನರಿಗೂ ಹಾಕಬಹುದು. ಆದ್ದರಿಂದ ಫೋಟೋ ತಿದ್ದುವುದಕ್ಕೆ ಒಂದು ಸಾಫ್ಟ್‌ವೇರ್, ಲೇಬಲ್ ಮತ್ತು ಚಿಹ್ನೆ ಬರೆಯುವುದಕ್ಕೆ ಇನ್ನೊಂದು.

ಯಾವುದು ಯಾವುದಕ್ಕೆ

ಕ್ಯಾನ್ವಾ: 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಮೊದಲ ದಿನವೇ ಏನಾದರೂ ಮಾಡಿ ನೋಡಬೇಕು ಅನ್ನುವವರಿಗೆ ಇದು ಸುಲಭ. ಸಿದ್ಧ ಮಾದರಿಗಳಿವೆ, ಮಾತು ಬದಲಿಸಿ ಫೋಟೋ ಇಟ್ಟರೆ ಆಮಂತ್ರಣ ತಯಾರು. ಫೋನಿನಲ್ಲೂ ನಡೆಯುತ್ತದೆ. ಆದರೆ ಇಂಟರ್ನೆಟ್ ಬೇಕು. ಕಿರೀಟದ ಗುರುತು ಇರುವ ಚಿತ್ರಗಳಿಗೆ ಹಣ ಕೇಳುತ್ತದೆ. ಅದೇ ಮಾದರಿಯನ್ನು ಬೇರೆಯವರೂ ಬಳಸಬಹುದು, ಹಾಗಾಗಿ ಸಂಘದ ಚಿಹ್ನೆಯನ್ನು ಸಿದ್ಧ ಮಾದರಿಯಿಂದ ಮಾಡಬೇಡಿ.

ಇಂಕ್‌ಸ್ಕೇಪ್: ಗೆರೆ ಚಿತ್ರಕ್ಕೆ. 2003ರಿಂದ ಇದೆ, ಪೂರ್ತಿ ಉಚಿತ. ಒಮ್ಮೆ ಕಂಪ್ಯೂಟರಿಗೆ ಹಾಕಿದರೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಕಾಗದದ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಟ್ಟು ನಿಜವಾದ ಗಾತ್ರದಲ್ಲೇ ಲೇಬಲ್ ಮಾಡಬಹುದು. ಮೊದಲ ವಾರ ಸ್ವಲ್ಪ ಕಷ್ಟ ಅನಿಸುತ್ತದೆ, ಬಟನ್‌ಗಳು ಜಾಸ್ತಿ. ಆಯತ, ಅಕ್ಷರ, ಬಣ್ಣ, ಜೋಡಣೆ ಈ ನಾಲ್ಕು ಕಲಿತರೆ ಲೇಬಲ್ಲಿಗೆ ಸಾಕು.

ಗಿಂಪ್: ಫೋಟೋಗೆ. ಅಮೆರಿಕದ ವಿದ್ಯಾರ್ಥಿಗಳಿಬ್ಬರು ಶುರು ಮಾಡಿ 1996ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬೆಳಕು ಹೆಚ್ಚಿಸಲು, ಹಿನ್ನೆಲೆ ತೆಗೆಯಲು, ಬೇಡದ್ದನ್ನು ಕತ್ತರಿಸಲು ಬೇಕಾದದ್ದೆಲ್ಲ ಇದೆ.

ಲಿಬ್ರೆ ಆಫೀಸ್: ಪತ್ರ ಬರೆಯುವ, ಲೆಕ್ಕ ಇಡುವ ಸಾಫ್ಟ್‌ವೇರಿನ ಜೊತೆಗೇ 'ಡ್ರಾ' ಎಂಬ ಚಿತ್ರದ ಭಾಗವೂ ಬರುತ್ತದೆ. ಸಂಘದ ಲೆಕ್ಕ ಇದರಲ್ಲೇ ಇಡುವವರಿಗೆ ಬೆಲೆಪಟ್ಟಿ, ಕರಪತ್ರಕ್ಕೆ ಬೇರೇನೂ ಬೇಡ.

ಇಂಕ್‌ಸ್ಕೇಪ್, ಗಿಂಪ್, ಲಿಬ್ರೆ ಆಫೀಸ್ ಈ ಮೂರನ್ನು ಬಳಸಿ ವ್ಯಾಪಾರ ಮಾಡಿದರೂ ಯಾರಿಗೂ ಹಣ ಕೊಡಬೇಕಾಗಿಲ್ಲ. ಆದರೆ ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಕೋರೆಲ್ ಡ್ರಾ, ಫೋಟೋಶಾಪ್: ಪ್ರೆಸ್ಸಿನವರು ಬಳಸುವುದರಿಂದ ಇವೇ ಬೇಕು ಎಂಬ ಮಾತು ಇದೆ. ಒಳ್ಳೆಯ ಸಾಫ್ಟ್‌ವೇರ್‌ಗಳೇ. ಆದರೆ ಫೋಟೋಶಾಪ್ ಬಾಡಿಗೆ ಮನೆ ಇದ್ದ ಹಾಗೆ, ಹಣ ಕಟ್ಟುವುದು ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ. ಕೋರೆಲ್ ಡ್ರಾಗೂ ಕೈತುಂಬ ಹಣ ಬೇಕು. ದಿನವೂ ಡಿಸೈನ್ ಕೆಲಸ ಹಿಡಿಯುವವರಿಗೆ ಇದು ಸರಿ. ವರ್ಷಕ್ಕೆ ನಾಲ್ಕು ಲೇಬಲ್ ಮಾಡುವವರಿಗೆ ಅಲ್ಲ.

ಕನ್ನಡದ ಪರೀಕ್ಷೆ

ಯಾವ ಸಾಫ್ಟ್‌ವೇರ್ ಆದರೂ ಮೊದಲು ಮೂರು ಪದ ಟೈಪ್ ಮಾಡಿ: ಉಪ್ಪಿನಕಾಯಿ, ಸ್ತ್ರೀಶಕ್ತಿ, ಕಾರ್ಯದರ್ಶಿ. ಒತ್ತಕ್ಷರ ಕೆಳಗೆ ಕೂತಿದೆಯಾ, ಅರ್ಕಾವೊತ್ತು ಜಾಗದಲ್ಲಿದೆಯಾ ನೋಡಿ. ಅಕ್ಷರ ಒಡೆದರೆ ಆ ಸಾಫ್ಟ್‌ವೇರ್ ಎಷ್ಟೇ ಚಂದ ಇದ್ದರೂ ನಮಗೆ ಬೇಡ.

ಟೈಪ್ ಮಾಡುವಾಗ ಯೂನಿಕೋಡ್ ಅಕ್ಷರವನ್ನೇ ಬಳಸಿ. ನುಡಿ, ಬರಹಗಳಲ್ಲಿ ಹಳೆಯ ಬಗೆಯ ಅಕ್ಷರಗಳೂ ಇವೆ. ಅವುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಪ್ರೆಸ್ಸಿಗೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಇಂಕ್‌ಸ್ಕೇಪ್‌ನಲ್ಲಿ 'ಆಬ್ಜೆಕ್ಟ್ ಟು ಪಾತ್' ಎಂಬುದನ್ನು ಒತ್ತಿದರೆ ಅಕ್ಷರಗಳು ಗೆರೆ ಚಿತ್ರವಾಗುತ್ತವೆ, ಆಮೇಲೆ ಎಲ್ಲಿಯೂ ಒಡೆಯುವುದಿಲ್ಲ. ಆದರೆ ಹಾಗೆ ಮಾಡಿದ ಮೇಲೆ ಟೈಪ್ ಮಾಡಿ ತಿದ್ದಲಾಗದು. ಅದಕ್ಕೆ ಮೊದಲೇ ಒಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಪರದೆಯ ಬಣ್ಣ ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತದೆ. ಒಂದು ಮಾದರಿ ಮುದ್ರಿಸಿ ನೋಡಿಯೇ ಸಾವಿರ ಪ್ರತಿಗೆ ಹೇಳಿ.

ತಿಂಡಿಯ ಲೇಬಲ್ ಆದರೆ ಅಂದಕ್ಕಿಂತ ಮೊದಲು ವಿವರ. ಪದಾರ್ಥದ ಹೆಸರು, ಹಾಕಿದ ಸಾಮಗ್ರಿ, ಪೋಷಕಾಂಶ, ತೂಕ, ಬೆಲೆ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ, ವಿಳಾಸ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇವಕ್ಕೆ ಜಾಗ ಬಿಡಿ. ನಿಯಮದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಲು ಅಡ್ಡಿಯಿಲ್ಲ. ಕೊಳ್ಳುವ ನಮ್ಮ ಹೆಂಗಸರು ಓದುವುದು ಕನ್ನಡವನ್ನೇ, ಅದನ್ನು ಬಿಡಬೇಡಿ.

ಸಾಲ ಬೇಡ, ಕಳ್ಳ ಪ್ರತಿಯೂ ಬೇಡ

ಆಂತರಿಕ ಸಾಲ ತೆಗೆದು ಸಾಫ್ಟ್‌ವೇರ್ ಕೊಳ್ಳುವ ಠರಾವು ಬಂದರೆ ಒಂದು ಪ್ರಶ್ನೆ ಕೇಳಿ: ಉಚಿತವಾದದ್ದರಲ್ಲಿ ನಾವು ಒಂದು ಲೇಬಲ್ ಆದರೂ ಮುಗಿಸಿದ್ದೇವಾ? ಮುಗಿಸಿಲ್ಲದಿದ್ದರೆ ಆ ಹಣ ಇನ್ನೊಬ್ಬ ಸದಸ್ಯೆಯ ಆಸ್ಪತ್ರೆ ಖರ್ಚಿಗೋ ಹೊಲಿಗೆ ಯಂತ್ರಕ್ಕೋ ಇರಲಿ.

"ನೂರು ರೂಪಾಯಿ ಕೊಡಿ, ಕಾಪಿ ಹಾಕಿಕೊಡ್ತೀನಿ" ಅನ್ನುವವರೂ ಸಿಗುತ್ತಾರೆ. ಅದು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ವಿರುದ್ಧ. ಅಂಥ ಪ್ರತಿಯ ಜೊತೆ ವೈರಸ್ ಬಂದು ಸಂಘದ ಲೆಕ್ಕವನ್ನೂ ಮಕ್ಕಳ ಪಾಠವನ್ನೂ ಹಾಳು ಮಾಡಬಹುದು. ನಾಲ್ಕು ಜನರ ಉಳಿತಾಯದ ಲೆಕ್ಕ ಇರುವ ಯಂತ್ರಕ್ಕೆ ಗೊತ್ತಿಲ್ಲದ ಸಿಡಿ, ಪೆನ್ ಡ್ರೈವ್ ಹಾಕಿಸಬೇಡಿ.

ಮೌಸ್ ಯಾರ ಕೈಯಲ್ಲಿ?

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಮಗನದ್ದು, ಇಲ್ಲ ಗಂಡನದ್ದು. ನಾವು ಹಿಂದೆ ನಿಂತು "ಅಲ್ಲಿ ಕೆಂಪು ಹಾಕಪ್ಪ" ಅಂತೇವೆ. ಮಗ ಕೆಲಸಕ್ಕೆ ಬೆಂಗಳೂರಿಗೆ ಹೋದ ದಿನ ಲೇಬಲ್ಲೂ ಹೋಯಿತು. ಪೇಟೆಯ ಅಂಗಡಿಯ ಬದಲು ಮನೆಯೊಳಗೇ ಇನ್ನೊಬ್ಬರ ಮೇಲೆ ನಿಂತ ಹಾಗಾಯಿತು, ಅಷ್ಟೇ. ಸಹಿ ಹಾಕಲು ಕಲಿತು ಬ್ಯಾಂಕಿಗೆ ಹೋದವರು ನೀವು. ಮೌಸ್ ಅದಕ್ಕಿಂತ ಕಷ್ಟವಲ್ಲ. ಮಕ್ಕಳು ಪಕ್ಕದಲ್ಲಿ ಕೂತು ಹೇಳಿಕೊಡಲಿ, ಕುರ್ಚಿಯಲ್ಲಿ ನೀವು ಕೂರಿ. ವಾರದಲ್ಲಿ ಎರಡು ದಿನ, ಒಂದೊಂದು ಗಂಟೆ ನಿಮ್ಮದು ಎಂದು ಮನೆಯಲ್ಲಿ ಹೇಳಿಡಿ. ಸಂಘದಲ್ಲಿ ಕನಿಷ್ಠ ಇಬ್ಬರು ಕಲಿಯಲಿ. ಫೈಲ್‌ಗಳ ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಠರಾವು ಪುಸ್ತಕದ ಜೊತೆ ಇರಲಿ.

ಮುಂದಿನ ಸಭೆಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಸಂಘದ ಒಂದೇ ಒಂದು ಪದಾರ್ಥಕ್ಕೆ 10 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರದ ಲೇಬಲ್. ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ, ಆಮೇಲೆ ಮೇಲೆ ಹೇಳಿದ ಎರಡು ಸಾಫ್ಟ್‌ವೇರ್‌ಗಳಲ್ಲಿ. ಯಾವುದರಲ್ಲಿ ಯಾರ ಸಹಾಯವೂ ಇಲ್ಲದೆ ಬೆಲೆ ತಿದ್ದಿ ಮತ್ತೆ ಮುದ್ರಿಸಲು ಸಾಧ್ಯವಾಯಿತೋ, ನಿಮ್ಮ ಮನೆಗೆ ಅದೇ ಸರಿಯಾದ ಸಾಫ್ಟ್‌ವೇರ್. ಡೊಂಕಾದರೂ ಚಿಂತೆಯಿಲ್ಲ, ತನ್ನಿ. ಎಲ್ಲರೂ ಸೇರಿ ನೋಡಿ ತಿದ್ದೋಣ.