ನಿಂತು ದುಡಿಯುವವರೇ, ನಿಮ್ಮ ಕಾಲಿನ ಮಾತು ಕೇಳಿ!

(ಅಂಗಡಿ, ಹೋಟೆಲು, ಗಾರ್ಮೆಂಟ್ಸ್ ನೌಕರರಿಗಾಗಿ ಕೆಲಸ ಮುಗಿದ ಮೇಲೆ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಮೊದಲು ಎಲ್ಲರೂ ಕೂತ್ಕೊಳ್ಳಿ. ಕುರ್ಚಿ ಸಾಲದಿದ್ದರೆ ಜಮಖಾನೆ ಹಾಸಿದೆ. ಬೆಳಿಗ್ಗೆಯಿಂದ ನಿಂತೇ ಇದ್ದೀರಿ, ನನ್ನ ಭಾಷಣಕ್ಕೂ ನಿಲ್ಲಬೇಡಿ!

ನಾನು ಡಾಕ್ಟರಲ್ಲ. ಬಟ್ಟೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಸೀರೆ ಬಿಡಿಸಿ ತೋರಿಸಿದವನು. ಗಿರಾಕಿ ಇಲ್ಲದಾಗಲೂ ಅಲ್ಲಿ ಕೂರುವಂತಿರಲಿಲ್ಲ. ಕೂತವನು ಸೋಮಾರಿ ಎಂಬುದು ಸಾಹುಕಾರರ ಲೆಕ್ಕ. ನನ್ನ ಕಾಲಿನ ಮೇಲೆ ನೀಲಿ ನರ ಹಾವಿನಂತೆ ಎದ್ದು ಕಂಡಾಗ ಪ್ಯಾಂಟಿನೊಳಗೆ ಮುಚ್ಚಿಟ್ಟೆ. ಮುಲಾಮು ತಿಕ್ಕಿದೆ, ನೋವಿನ ಮಾತ್ರೆ ನುಂಗಿದೆ. ಕೊನೆಗೆ ಪಾದದ ಗಂಟಿನ ಮೇಲೆ ಗಾಯವಾಯಿತು. ಏಳು ತಿಂಗಳು ಮಾಯಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಮಾತು: "ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?" ನನ್ನ ಹತ್ತಿರ ಉತ್ತರವಿರಲಿಲ್ಲ. ನೀವು ಹಾಗೆ ಸುಮ್ಮನಿರಬಾರದು ಎಂದು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ನಿಂತರೆ ಕಾಲು ನೋಯುವುದು ಏಕೆ? ಮೊಣಕಾಲಿನ ಕೆಳಗೆ, ಹಿಂಬದಿಯ ದಪ್ಪ ಮಾಂಸಕ್ಕೆ ಕನ್ನಡದಲ್ಲಿ ಮೀನಖಂಡ ಎಂಬ ಚೆಂದದ ಹೆಸರಿದೆ. ಕಾಲಿಗೆ ಇಳಿದ ರಕ್ತವನ್ನು ಮತ್ತೆ ಮೇಲಕ್ಕೆ ಏರಿಸುವುದರಲ್ಲಿ ಅದರದು ದೊಡ್ಡ ಪಾಲು. ನಡೆದಾಗಲೆಲ್ಲ ಅದು ರಕ್ತನಾಳವನ್ನು ಹಿಂಡುತ್ತದೆ. ಏರಿದ ರಕ್ತ ಕೆಳಗೆ ಬೀಳದಂತೆ ನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಊರಿನ ಬೋರ್‌ವೆಲ್ ಹ್ಯಾಂಡ್‌ಪಂಪ್ ನೆನಪಿದೆಯಲ್ಲ? ಹಿಡಿ ಆಡಿಸಿದರೆ ತಾನೇ ನೀರು! ಕದಲದೆ ನಿಂತರೆ ಕಾಲಿನ ಪಂಪೂ ಬಂದ್. ರಕ್ತ ಕೆಳಗೇ ತುಂಬಿಕೊಳ್ಳುತ್ತದೆ. ಸಂಜೆಗೆ ಕಾಲು ಭಾರ, ಊತ, ಸೆಳೆತ. ವರ್ಷಗಟ್ಟಲೆ ಹೀಗಾದರೆ ಕವಾಟಗಳು ಸೋತು ನಾಳ ಉಬ್ಬಿ ನಿಲ್ಲುತ್ತದೆ. ಡಾಕ್ಟರುಗಳು ಅದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ನಾನು ನರ ಎಂದುಕೊಂಡಿದ್ದು ಈ ರಕ್ತನಾಳವನ್ನೇ.

ಹಾಗಾದರೆ ಮದ್ದು ಯಾವುದು? ಪಂಪು ಆಡಿಸಿ! ಅರ್ಧ ಗಂಟೆಗೊಮ್ಮೆ ಕೌಂಟರ್ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಇಪ್ಪತ್ತು ಸಲ. ಸಾಧ್ಯವಾದಾಗಲೆಲ್ಲ ನಾಲ್ಕು ಹೆಜ್ಜೆ ಓಡಾಡಿ. ಕಾಲ ಕೆಳಗೆ ಒಂದು ಇಟ್ಟಿಗೆಯನ್ನೋ ಗಟ್ಟಿ ಡಬ್ಬವನ್ನೋ ಇಟ್ಟುಕೊಂಡು ಒಂದೊಂದೇ ಪಾದವನ್ನು ಸರದಿಯಂತೆ ಅದರ ಮೇಲಿಡಿ. ಸೊಂಟಕ್ಕೂ ಆರಾಮ. ಗ್ರಾನೈಟ್ ನೆಲವಾದರೆ ದಪ್ಪ ರಬ್ಬರ್ ಮ್ಯಾಟ್ ಹಾಸಿಕೊಳ್ಳಿ.

ಚಪ್ಪಲಿಯ ವಿಷಯ. ತೆಳು ಹವಾಯಿಯೂ ಬೇಡ, ಎತ್ತರದ ಹೀಲ್ಸೂ ಬೇಡ. ಹಿಮ್ಮಡಿಗೆ ಮೆತ್ತೆ ಇರಲಿ, ಬೆರಳಿಗೆ ಜಾಗವಿರಲಿ. ಸಂಜೆ ಹೊತ್ತು ಕೊಳ್ಳಿ. ಊದಿದ ಪಾದಕ್ಕೆ ಹಿಡಿಸಿದ ಶೂ ಬೆಳಿಗ್ಗೆಯೂ ಹಿಡಿಸುತ್ತದೆ.

ಮನೆಗೆ ಹೋದ ಮೇಲೆ ಹದಿನೈದು ನಿಮಿಷ ಮಲಗಿ, ಕಾಲನ್ನು ಗೋಡೆಗೆ ಒರಗಿಸಿ, ಎದೆಯ ಮಟ್ಟಕ್ಕಿಂತ ಮೇಲೆ ಇಡಿ. ಅಂಗಾಲು ಉರಿಯುತ್ತಿದ್ದರೆ ನೀರಿನ ಬಾಟಲಿಯನ್ನು ಕಾಲಡಿ ಉರುಳಿಸಿ. ಗೋಡೆಗೆ ಕೈ ಒತ್ತಿ ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಹಿಗ್ಗಿಸಿ. ಬಿಗಿ ಕಾಲುಚೀಲ ಬೇಕಿದ್ದರೆ ಡಾಕ್ಟರನ್ನು ಕೇಳಿಯೇ ತೊಡಿ. ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ ಅದು ಅಪಾಯ. ಸಕ್ಕರೆ ಕಾಯಿಲೆಯವರು ಬಿಸಿನೀರಿಗೆ ಕಾಲಿಡುವ ಮುನ್ನ ಕೈಯಲ್ಲಿ ಬಿಸಿ ನೋಡಿ. ದಿನಾ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೇಡು.

ಇದೊಂದನ್ನು ಮರೆಯಬೇಡಿ! ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಉಸಿರಿನ ತೊಂದರೆ ಬಂದರೆ ಒಂದು ನಿಮಿಷವೂ ತಡಮಾಡಬೇಡಿ.

ಇಷ್ಟೆಲ್ಲ ನಾವು ಮಾಡಿಕೊಳ್ಳಬಹುದಾದದ್ದು. ಆದರೆ ಹತ್ತು ರೂಪಾಯಿಯ ಮುಲಾಮಿಗಿಂತ ದೊಡ್ಡ ಮದ್ದು ಒಂದು ಸ್ಟೂಲು! ಅದನ್ನು ಕೇಳಲು ನಾಚಿಕೆ ಯಾಕೆ?

ನಿಂತು ದುಡಿಯುವವರಿಗೆ ಕೂರಲು ಏರ್ಪಾಡಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಬರೆದಿದ್ದರು. ಅಂಗಡಿಯ ಹುಡುಗಿಯರಿಗೆ ಮಾತ್ರ ಆ ನೆರಳು ಸಿಗಲಿಲ್ಲ. ಕೇರಳದಲ್ಲೇನಾಯಿತು ನೋಡಿ. ಕೋಳಿಕ್ಕೋಡಿನಲ್ಲಿ ಟೈಲರಿಂಗ್ ಮಾಡುತ್ತಿದ್ದ ವಿಜಿ ಎಂಬಾಕೆ ಅಂಗಡಿ ಕೆಲಸದ ಹೆಂಗಸರನ್ನು ಕೂಡಿಸಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. 2014ರ ಕೊನೆಗೆ ತ್ರಿಶೂರಿನ ಸೀರೆ ಅಂಗಡಿಯೊಂದರ ಹೆಣ್ಣುಮಕ್ಕಳು ಬೀದಿಯಲ್ಲಿ ಧರಣಿ ಕೂತರು. ಅದಕ್ಕೆ 'ಇರಿಪ್ಪು ಸಮರಂ', ಅಂದರೆ ಕೂರುವ ಹೋರಾಟ ಎಂದೇ ಹೆಸರಾಯಿತು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಪಕ್ಕದ ಮನೆಯಲ್ಲಿ ಸ್ಟೂಲು ಬಂದಿದೆ. ನಮ್ಮ ಮನೆಯಲ್ಲಿ ಇನ್ನೂ ನಿಂತೇ ಇರಬೇಕೆ?

ಹೆಣ್ಣುಮಕ್ಕಳು ಶೌಚಾಲಯವಿಲ್ಲವೆಂದು ದಿನವಿಡೀ ನೀರೇ ಕುಡಿಯುವುದಿಲ್ಲ. ಇದೂ ಅದೇ ಹೋರಾಟದ ಭಾಗ. ಒಬ್ಬರೇ ಹೋಗಿ ಕೇಳಿದರೆ ಗದರಿಸುತ್ತಾರೆ. ಹತ್ತು ಜನ ಹೋಗಿ ಮರ್ಯಾದೆಯಿಂದ ಕೇಳಿ. "ಸಾಹುಕಾರ್ರೇ, ಗಿರಾಕಿ ಬಂದರೆ ಏಳ್ತೀವಿ. ಇಲ್ಲದಾಗ ಕೂರ್ತೀವಿ" ಅನ್ನಿ. ಇದರಲ್ಲಿ ತಪ್ಪೇನಿದೆ?

ನನ್ನ ಕಾಲಿನ ಗಾಯ ಮಾಯಿತು, ಕಪ್ಪು ಕಲೆ ಉಳಿದಿದೆ. ಬೇಕಾದವರು ಆಮೇಲೆ ಬಂದು ನೋಡಿ. ಈಗ ಎಲ್ಲರೂ ಎದ್ದು ಕುರ್ಚಿ ಹಿಡಿದುಕೊಳ್ಳಿ. ಹಿಮ್ಮಡಿ ಎತ್ತಿ... ಒಂದು, ಎರಡು, ಮೂರು...