ಹರೆಯದವರ ಕ್ಯಾನ್ಸರ್ ಮತ್ತು ನಡುವೆ ನಿಲ್ಲುವ ಚಿಕಿತ್ಸೆ

(ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕ್ಯಾನ್ಸರ್ ಎಂದರೆ ಮುದುಕರ ರೋಗ, ಹೊಗೆಸೊಪ್ಪು ಜಗಿಯುವವರ ರೋಗ ಎಂದು ನಾವು ತಿಳಿದಿದ್ದೇವೆ. ಹದಿನೈದು ಇಪ್ಪತ್ತರ ವಯಸ್ಸಿನವರಿಗೂ ಅದು ಬರುತ್ತದೆ. ರಕ್ತದಲ್ಲಿ, ಕುತ್ತಿಗೆಯ ಗ್ರಂಥಿಯಲ್ಲಿ, ಮೊಣಕಾಲಿನ ಹತ್ತಿರದ ಎಲುಬಿನಲ್ಲಿ ಬರುತ್ತದೆ. ಇವುಗಳಲ್ಲಿ ಹಲವು ವಾಸಿಯಾಗುವಂಥವು. ಆದರೆ ಹುಡುಗನ ಮೊಣಕಾಲು ಊದಿಕೊಂಡರೆ ಮೂಟೆ ಹೊತ್ತು ಉಳುಕಿತು ಎನ್ನುತ್ತೇವೆ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಡುಗಿ ಸೊರಗಿದರೆ ಮಗ್ಗದಲ್ಲಿ ಕೂತು ಕೂತು ರಕ್ತ ಕಡಿಮೆಯಾಗಿದೆ ಎನ್ನುತ್ತೇವೆ. ಎಣ್ಣೆ ತಿಕ್ಕಿ, ಪಟ್ಟು ಹಾಕಿ ಎರಡು ತಿಂಗಳು ಕಳೆಯುತ್ತದೆ. ಎರಡು ಮೂರು ವಾರವಾದರೂ ಇಳಿಯದ ಊತ, ಬಿಡದ ಜ್ವರ, ಪೆಟ್ಟಿಲ್ಲದೆ ಮೈಮೇಲೆ ಮೂಡುವ ನೀಲಿ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ. ರಕ್ತಪರೀಕ್ಷೆ, ಎಕ್ಸ್‌ರೇ ಕೇಳಿ ಮಾಡಿಸಿ.

ಮುಂದಿನ ತೊಡಕು ಬೇರೆ. ಈ ಹರೆಯದವರು ಮಕ್ಕಳ ವಾರ್ಡಿಗೂ ಸಲ್ಲರು, ದೊಡ್ಡವರ ವಾರ್ಡಿಗೂ ಸಲ್ಲರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ. ಅದು ಹರೆಯದವರಿಗೆ ಬಂದಾಗ, ಮಕ್ಕಳಿಗೆ ಕೊಡುವ ಕ್ರಮದಲ್ಲೇ ಔಷಧಿ ಕೊಟ್ಟರೆ ಬದುಕುವವರು ಹೆಚ್ಚು ಎಂದು ಹಲವು ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಆ ಚಿಕಿತ್ಸೆ ಎರಡು ಮೂರು ವರ್ಷ ಹಿಡಿಯುತ್ತದೆ. ಇನ್ನೊಂದು ಮಾತು, ಇದರಲ್ಲಿ ನಾಚಿಕೆ ಬೇಡ: ಕೆಲವು ಔಷಧಿಗಳಿಂದ ಮುಂದೆ ಮಕ್ಕಳಾಗದೆ ಹೋಗಬಹುದು. ವೀರ್ಯವನ್ನೋ ಅಂಡಾಣುವನ್ನೋ ಮೊದಲೇ ತೆಗೆದು ಶೈತ್ಯದಲ್ಲಿ ಕಾಪಾಡಿಡುವ ವಿಧಾನವುಂಟು. ಅದನ್ನು ಕೇಳಬೇಕಾದ್ದು ಮೊದಲ ಇಂಜೆಕ್ಷನ್ನಿಗೆ ಮುಂಚೆ.

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಚಾರ್ಜಿಲ್ಲ, ಜೊತೆಯವರಿಗೆ ಮುಕ್ಕಾಲು ಪಾಲು ರಿಯಾಯಿತಿ. 2023ರಿಂದ ತಾಯಿಗೆ ಸಾಮಾನ್ಯ ಬಸ್ಸಿನಲ್ಲೂ ಚಾರ್ಜಿಲ್ಲ. ಇಷ್ಟಿದ್ದೂ ಚಿಕಿತ್ಸೆ ಯಾಕೆ ನಡುವೆ ನಿಲ್ಲುತ್ತದೆ?

ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರು. ಮೊಳಕಾಲ್ಮೂರಿನಿಂದ ಇನ್ನೂ ದೂರ. ಒಂದು ಇಂಜೆಕ್ಷನ್ನಿಗೆ ಹೋಗಿಬಂದರೆ ಮಗನ ಕೂಲಿ ಹೋಯಿತು, ಜೊತೆ ಹೋದ ತಂದೆಯ ಕೂಲಿಯೂ ಹೋಯಿತು. ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತು. ಅಂಗಡಿಯವರು ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ. ಔಷಧಿ ಪುಕ್ಕಟೆ ಸಿಕ್ಕರೂ ಅಕ್ಕಿ, ರಾಗಿ, ಬಾಡಿಗೆ ಕೇಳದೆ ಇರುತ್ತವೆಯೇ? ಸ್ವಲ್ಪ ಗುಣ ಕಂಡೊಡನೆ ಹುಡುಗ ಗಿರಣಿಗೆ ಹಿಂದಿರುಗುತ್ತಾನೆ. ಆಮೇಲೆ ರೋಗವೂ ಹಿಂದಿರುಗುತ್ತದೆ.

ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಹಗಲು ಚಿಕಿತ್ಸೆಯ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಮಾತು ಕೊಟ್ಟಿದೆ. ಬರಿಯ ಬೋರ್ಡು ನಮಗೆ ಸಾಲದು. ಬೆಂಗಳೂರಿನ ವೈದ್ಯರು ಬರೆದುಕೊಟ್ಟ ಇಂಜೆಕ್ಷನ್ನು ಚಿತ್ರದುರ್ಗದಲ್ಲೇ, ಗೊತ್ತಾದ ದಿನವೇ ಸಿಗಬೇಕು. ಚಿಕಿತ್ಸೆಯ ದಿನಗಳಿಗೆ ರೋಗಿಗೂ ಜೊತೆಯವರಿಗೂ ಕೂಲಿಭತ್ಯ ಬೇಕು. ವಾಸಿಯಾಗಿ ಬಂದವನಿಗೆ ಗಿರಣಿಯಲ್ಲಿ ಅವನ ಕೆಲಸ ಇರಬೇಕು. ಮನವಿಪತ್ರ ಈ ಮೇಜಿನ ಮೇಲಿದೆ. ಹೋಗುವ ಮುಂಚೆ ಎಲ್ಲರೂ ರುಜು ಹಾಕಿ. ಮನೆಯಲ್ಲಿ ಇಂಥ ರೋಗಿ ಇರುವವರು ನಮ್ಮನ್ನು ಕಂಡು ಹೋಗಿ.