ಹದಿಮೂರನೆಯವರಾಗಿ ಸಿದ್ಧರಿರಿ

1965ರ ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಡಬೇಕಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾರಾದರೂ ಹೋಗಲಾಗದಿದ್ದರೆ ಮಾತ್ರ ಅವರ ಸರದಿ. ಅಂದು ಹಾಗೆಯೇ ಆಯಿತು, ದೇವಯ್ಯ ಹಾರಿದರು.

ಕಾಲೇಜು ತಂಡದಲ್ಲಿ ಹೆಸರು ಬಂದಿಲ್ಲವೆಂದು ಅಭ್ಯಾಸಕ್ಕೇ ಹೋಗುವುದನ್ನು ಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಈ ಕಥೆ ಅವರಿಗಾಗಿಯೇ.

ಹಿಂತಿರುಗುವ ದಾರಿಯಲ್ಲಿ ದೇವಯ್ಯನವರ ಬೆನ್ನುಹತ್ತಿದ್ದು ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು. ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಸ್ಟಾರ್‌ಫೈಟರಿನ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ಕಥೆ ಮುಗಿಯಿತೆಂದೇ ಎದುರಾಳಿ ಪೈಲಟ್ ಅಮ್ಜದ್ ಹುಸೇನ್ ಎಣಿಸಿದ್ದ. ಆದರೆ ಏಟು ತಿಂದ ವಿಮಾನ ಬೀಳಲಿಲ್ಲ, ತಿರುಗಿಬಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸ್ಟಾರ್‌ಫೈಟರಿನ ರೆಕ್ಕೆಗಳು ತೀರ ತೆಳು, ತೀರ ಗಿಡ್ಡ. ನೇರ ಓಟಕ್ಕೆ ಅದರಷ್ಟು ಚುರುಕಾದದ್ದು ಆಗ ವಿರಳ. ನೆಲಕ್ಕೆ ಸಮೀಪ, ಕಡಿಮೆ ವೇಗದಲ್ಲಿ, ಬಿಗಿಯಾಗಿ ಸುತ್ತುವಾಗ ಮಾತ್ರ ಆ ರೆಕ್ಕೆಗಳು ಸಾಲವು. ಅಂಥ ಸುತ್ತಾಟದಲ್ಲಿ ಮಿಸ್ಟೇರ್‌ನದೇ ಮೇಲುಗೈ. ಕಾದಾಟ ಆ ಎತ್ತರಕ್ಕೆ, ಆ ವೇಗಕ್ಕೆ ಇಳಿಯಿತು, ಸ್ಟಾರ್‌ಫೈಟರ್ ಉರುಳಿತು. ಹುಸೇನ್ ಪ್ಯಾರಾಚೂಟ್ ಹಿಡಿದು ಬದುಕಿಕೊಂಡ. ದೇವಯ್ಯ ಮರಳಲಿಲ್ಲ. ಅವರಿಗೆ ಆಗ 32 ವರ್ಷ.

ಧೈರ್ಯದ ಮಾತು ಎಲ್ಲರೂ ಆಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ವಿದ್ಯೆ. ಗುಂಡು ತಗುಲಿದ ಆ ಕ್ಷಣಗಳಲ್ಲಿ ಪುಸ್ತಕ ತೆರೆಯಲು ಸಮಯವಿಲ್ಲ. ತನ್ನ ಯಂತ್ರ ಎಲ್ಲಿ ಗೆಲ್ಲುತ್ತದೆ, ಎದುರಾಳಿಯದು ಎಲ್ಲಿ ಸೋಲುತ್ತದೆ ಎಂಬುದು ಮೊದಲೇ ಕೈಗೆ ಹತ್ತಿರಬೇಕು. ಅದು ಹತ್ತುವುದು ಯಾರೂ ಚಪ್ಪಾಳೆ ತಟ್ಟದ ದಿನಗಳಲ್ಲಿ.

ಚಪ್ಪಾಳೆ ಅವರಿಗೆ ಸಿಕ್ಕಿದ್ದೂ ತಡವಾಗಿಯೇ. ಅಲ್ಲಿ ನಡೆದದ್ದನ್ನು ನೋಡಿ ಹೇಳಲು ನಮ್ಮ ಕಡೆಯವರು ಯಾರೂ ಇರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರಿಂದ ಪಾಕಿಸ್ತಾನದ ವಾಯುಪಡೆಯೇ ತನ್ನ ಯುದ್ಧದ ಬಗ್ಗೆ ಬರೆಸಿದ ಪುಸ್ತಕದಿಂದ ವಿಷಯ ಹೊರಬಿತ್ತು. 1988ರಲ್ಲಿ, ಅಂದರೆ 23 ವರ್ಷಗಳ ಬಳಿಕ, ಮಹಾವೀರ ಚಕ್ರ ಬಂತು. ಶತ್ರುಪಾಳಯವೇ ಸಾಕ್ಷಿ ಹೇಳಿದ ಶೌರ್ಯಕ್ಕೆ ಇನ್ನೇನು ಪ್ರಮಾಣ ಬೇಕು!

ಕನ್ನಡಕ ಬಂತು, ಇನ್ನು ಹಾರುವ ಕನಸು ಮುಗಿಯಿತು ಎಂದು ಮುಖ ಸಪ್ಪೆ ಮಾಡುವವರಿಗೆ ಇನ್ನೊಂದು ಹೆಸರು: ಕಲ್ಕತ್ತೆಯ ಇಂದ್ರಲಾಲ್ ರಾಯ್. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುದಳ ದೃಷ್ಟಿದೋಷವೆಂದು ಅವನನ್ನು ತಿರಸ್ಕರಿಸಿತು. ಹುಡುಗ ತನ್ನ ಮೋಟಾರ್‌ಬೈಕ್ ಮಾರಿ, ದೊಡ್ಡ ಕಣ್ಣಿನ ವೈದ್ಯರೊಬ್ಬರಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು ಒಳಗೆ ಹೋದ. 1918ರ ಜುಲೈಯಲ್ಲಿ ಎರಡೇ ವಾರದೊಳಗೆ 10 ವಿಜಯ ಗಳಿಸಿದ. ಅದೇ ತಿಂಗಳು ಫ್ರಾನ್ಸಿನ ಆಗಸದಲ್ಲಿ, 19ನೇ ವಯಸ್ಸಿಗೆ ಮಡಿದ. ಈಗಿನ ನಿಯಮಗಳು ಬೇರೆ, ನಿಜ. ಆದರೆ ಮೊದಲ 'ಇಲ್ಲ'ಕ್ಕೆ ಕೈಚೆಲ್ಲುವ ಅವಸರವೇಕೆ?

ಹೆಣ್ಣುಮಕ್ಕಳೇ, ಬಾಗಿಲು ನಿಮಗೂ ತೆರೆದಿದೆ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನದ ದಾರಿ ಹಿಡಿದರು. ಹಾಕ್ ವಿಮಾನದಲ್ಲಿ ಅವರು ಪಳಗಿದ್ದು ನಮ್ಮ ಬೀದರಿನಲ್ಲೇ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿದ್ದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆಗೆ ಈ ವರ್ಷವೇ ಅರ್ಜಿ ಹಾಕುವುದನ್ನು ಯೋಚಿಸಿ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಪೈಲಟ್ ಸಾಮರ್ಥ್ಯದ ಪರೀಕ್ಷೆಗೆ ಮಾತ್ರ ಬಾಳಿನಲ್ಲಿ ಒಂದೇ ಅವಕಾಶ. ಆದ್ದರಿಂದ ಕರೆ ಬಂದ ಮೇಲೆ ತಯಾರಿ ಎನ್ನಬೇಡಿ, ಇವತ್ತೇ ಶುರುಮಾಡಿ.